ಪೆಟ್ರೋಲ್ ಜೀಪಾ, ಡೀಸೆಲ್ ಜೀಪಾ? ಒಂದು ತಿಂಗಳು ಬರೆದಿಟ್ಟ ಲೆಕ್ಕ

ನಮ್ಮನೆ ಅಂಗಳದಲ್ಲಿ ಬೇರೆ ಜೀಪು ನಿಂತಿದ್ದು ನೋಡಿ ಸುಮಾರು ಜನ ಕೇಳಿದ್ರಿ, "ಏನಣ್ಣ, ನೀನೂ ಪೆಟ್ರೋಲ್ ತಗೊಂಡ್ಯಾ?" ಅಂತ. ಇಪ್ಪತ್ತು ವರ್ಷದ ಮೇಲೆ ಡೀಸೆಲ್ ಬಿಟ್ರೆ ಬೇರೆ ಮಾತೇ ಆಡದವನು ನಾನು. ಒಬ್ಬೊಬ್ಬರಿಗೂ ನಿಂತು ಹೇಳೋಕೆ ಆಗಲಿಲ್ಲ, ಅದಕ್ಕೆ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ಡೀಸೆಲ್ ಮೇಲೆ ನನಗ್ಯಾಕೆ ಅಷ್ಟು ನಂಬಿಕೆ ಅಂತ ಹೇಳ್ತೀನಿ. 2018ರ ಆಗಸ್ಟ್ ಮಳೆ ನಮ್ಮ ಸಕಲೇಶಪುರ ಕಡೆ ಯಾರೂ ಮರೆತಿಲ್ಲ. ಒಂದು ರಾತ್ರಿ ಅವ್ವಂಗೆ ಉಸಿರು ಕಟ್ಟೋಕೆ ಶುರುವಾಯ್ತು. ಹಳ್ಳ ತುಂಬಿ ಹರೀತಿತ್ತು. ನನ್ನ ಹಳೇ ಡೀಸೆಲ್ ಜೀಪಲ್ಲಿ ಅವ್ವನ್ನ ಹಿಂದೆ ಮಲಗಿಸಿ, ನನ್ನ ಹೆಂಡ್ತಿ ತಲೆ ಹಿಡ್ಕೊಂಡು ಕೂತು, ಫೋರ್ ವೀಲ್ ಲೋ ಹಾಕಿ ಮೊದಲ ಗೇರಲ್ಲಿ ದಾಟಿಸಿದೆ. ಬೆಳಗಿನ ಜಾವ ಆಸ್ಪತ್ರೆ ಸೇರಿದ್ವಿ. ಅವ್ವ ಉಳಿದ್ಲು. ಆವತ್ತಿಂದ ಡೀಸೆಲ್ ಅಂದ್ರೆ ನನಗೆ ಬರೀ ಎಂಜಿನ್ ಅಲ್ಲ.

ಆ ಜೀಪು ಈಗ ಮುಗೀತು. ಚಾಸಿಸ್ ತುಕ್ಕು ಹಿಡಿದು ಎರಡು ಕಡೆ ವೆಲ್ಡಿಂಗ್ ಆಗಿತ್ತು. ಮತ್ತೆ ಆರ್‌ಸಿ ರಿನೀವಲ್ ಮಾಡಿಸಿ, ಎಫ್‌ಸಿಗೆ ತಯಾರು ಮಾಡೋ ಖರ್ಚಿಗೆ ಅರ್ಥ ಇರಲಿಲ್ಲ. ಎರಡು ವರ್ಷದ ಕಾಫಿ, ಮೆಣಸಿನ ದುಡ್ಡಲ್ಲಿ ಉಳಿಸಿದ್ದು, ಮೇಲೊಂದು ಸಾಲ. ಒಂದೇ ಮಾಡೆಲ್ಲು, ಎರಡೂ 2021ರದ್ದು, ಒಂದು ಡೀಸೆಲ್, ಒಂದು ಪೆಟ್ರೋಲ್. ಡೀಸೆಲ್‌ಗೆ ಒಂದೂವರೆ ಲಕ್ಷ ಜಾಸ್ತಿ ಕೇಳಿದ್ರು. ಮಗ ಪೆಟ್ರೋಲ್ ಅಂದ, ನಾನು ಡೀಸೆಲ್ ಅಂದೆ. ಎರಡು ದಿನ ಮನೇಲಿ ಮಾತಿಲ್ಲ.

ಆಮೇಲೆ ಅವನೇ ಒಂದು ಉಪಾಯ ಹೇಳಿದ. "ಅಪ್ಪಾ, ಒಂದು ತಿಂಗಳು ಜೀಪು ಎಷ್ಟು ಓಡುತ್ತೆ ಅಂತ ಪುಸ್ತಕದಲ್ಲಿ ಬರಿ. ಆಮೇಲೆ ನೀನು ಹೇಳಿದ್ದೇ." ಹಣ್ಣು ಕುಯ್ಲಿನ ತಿಂಗಳು ಜನವರಿ, ಜೀಪಿಗೆ ಜಾಸ್ತಿ ಕೆಲಸ ಇರೋದೇ ಆಗ. ಬರೆದೆ. 31 ದಿನದಲ್ಲಿ 3 ದಿನ ಜೀಪು ಹೊರಡಲೇ ಇಲ್ಲ. 24 ದಿನ ಮನೆಯಿಂದ ತೋಟ, ತೋಟದಿಂದ ಕಣ. ದಿನಕ್ಕೆ ಎರಡು ಮೂರು ಕಿ.ಮೀ. ಅಷ್ಟೇ. 4 ಸಲ ಪೇಟೆಗೆ, ಹೋಗಿ ಬರೋಕೆ 45 ಕಿ.ಮೀ. ಎಲ್ಲ ಸೇರಿ 240 ಕಿ.ಮೀ. ನಾನು ಐನೂರರ ಮೇಲೆ ಅಂದ್ಕೊಂಡಿದ್ದೆ!

ಈಗ ಲೆಕ್ಕ ನೋಡಿ. ಪೆಟ್ರೋಲ್ ಲೀಟರಿಗೆ 103, ಡೀಸೆಲ್ 91 ಅಂತ ಹಿಡಿದೆ. ನಮ್ಮ ರಸ್ತೇಲಿ ಪೆಟ್ರೋಲ್ 9, ಡೀಸೆಲ್ 12 ಕಿ.ಮೀ. ಕೊಡುತ್ತೆ ಅಂದ್ಕೊಳ್ಳಿ. ತಿಂಗಳಿಗೆ ಪೆಟ್ರೋಲ್ ಖರ್ಚು ಸುಮಾರು 2,750 ರೂಪಾಯಿ, ಡೀಸೆಲ್ 1,820. ವರ್ಷಕ್ಕೆ ಉಳಿಯೋದು 11 ಸಾವಿರ ಚಿಲ್ಲರೆ. ಒಂದೂವರೆ ಲಕ್ಷ ವಾಪಸ್ ಬರೋಕೆ ಹದಿಮೂರು ವರ್ಷ ಬೇಕು. ಅಷ್ಟರಲ್ಲಿ ನನಗೂ ಎಫ್‌ಸಿ ಟೈಮ್ ಬಂದಿರುತ್ತೆ!

ದುಡ್ಡು ಒಂದೇ ಆಗಿದ್ರೆ ನಾನು ಒಪ್ತಿರಲಿಲ್ಲ. ಇನ್ನೊಂದು ವಿಷಯ ಇದೆ. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂತು. ಈಗಿನ ಡೀಸೆಲ್ ಜೀಪಿನ ಸೈಲೆನ್ಸರ್ ಲೈನಲ್ಲಿ ಡಿಪಿಎಫ್ ಅಂತ ಇರುತ್ತೆ, ಹೊಗೆಯಲ್ಲಿರೋ ಮಸಿ ಹಿಡಿಯೋ ಜಾಲರಿ. ಮಸಿ ತುಂಬಿದ ಮೇಲೆ ಅದನ್ನ ಅದೇ ಸುಟ್ಟುಕೊಳ್ಳಬೇಕು. ಅದಕ್ಕೆ ಸೈಲೆನ್ಸರ್ ಚೆನ್ನಾಗಿ ಕಾಯಬೇಕು, ಕಾಯಬೇಕಂದ್ರೆ ಗಾಡಿ ಒಳ್ಳೇ ರಸ್ತೇಲಿ ಒಂದೇ ಸಮ ಸ್ವಲ್ಪ ದೂರ ಓಡಬೇಕು. ದಿನಾ ಮೂರು ಕಿ.ಮೀ. ಮೊದಲ ಗೇರಲ್ಲಿ ತೆವಳೋ ಗಾಡೀಲಿ ಅದು ಆಗಲ್ಲ. ಪಕ್ಕದ ತೋಟದ ಅಣ್ಣಂದು ಹೀಗೇ ಲೈಟ್ ಬಂದು ಎರಡು ಸಲ ಶೋರೂಮಿಗೆ ಹೋಗಿ ಬಂತು. ಸುಡೋದು ಅರ್ಧಕ್ಕೇ ನಿಂತು ನಿಂತು ಎಂಜಿನ್ ಆಯಿಲ್‌ಗೂ ಡೀಸೆಲ್ ಸೇರಿತ್ತಂತೆ. ವಾರಕ್ಕೊಂದು ಸಲ ಪೇಟೆಗೆ ಹೋಗ್ತೀನಲ್ಲ, ನನಗೆ ಅದು ಸಾಕಾಗ್ತಿತ್ತೋ ಏನೋ. ಆದ್ರೆ ಮಳೆಗಾಲದಲ್ಲಿ ರಸ್ತೆ ಕುಸಿದ್ರೆ ಹದಿನೈದು ದಿನ ಪೇಟೆ ಮುಖ ನೋಡಲ್ಲ ನಾವು.

2020ಕ್ಕಿಂತ ಹಿಂದಿನ ಡೀಸೆಲ್ ಜೀಪುಗಳಲ್ಲಿ ಹೆಚ್ಚಿನವಕ್ಕೆ ಈ ಜಾಲರಿ ಇಲ್ಲ. ಒಳ್ಳೇದು ಸಿಕ್ರೆ ಬಿಡಬೇಡಿ. ನನಗೆ ಸಿಕ್ಕಿದ್ದೆಲ್ಲ ಬೇರೆಯವರ ತೋಟದಲ್ಲಿ ದುಡಿದು ಸುಸ್ತಾಗಿರೋ ಗಾಡಿಗಳೇ.

ಹಾಗಾದ್ರೆ ಎಳೆಯೋ ಶಕ್ತಿ? ನನ್ನ ದೊಡ್ಡ ಅನುಮಾನ ಅದೇ ಇತ್ತು. ಹಳೇ ಪೆಟ್ರೋಲ್ ಎಂಜಿನ್ ಆಕ್ಸಿಲೇಟರ್ ಒತ್ತಿ ಕಿರುಚಿಸಿದ್ರೆ ಮಾತ್ರ ಏರು ಹತ್ತೋದು, ನಿಜ. ಟರ್ಬೊ ಬಂದ ಮೇಲೆ ಹಾಗಿಲ್ಲ. 2020ರಲ್ಲಿ ಬಂದ ಥಾರ್‌ನ ಡೀಸೆಲ್ಲಿಗೂ, ಮ್ಯಾನುವಲ್ ಪೆಟ್ರೋಲಿಗೂ ಕಂಪನಿ ಲೆಕ್ಕದಲ್ಲಿ ಟಾರ್ಕ್ ಒಂದೇ, 300 ನ್ಯೂಟನ್ ಮೀಟರ್. ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಗಾಡಿಗೆ ಈ ಮಾತು ಹೇಳಲ್ಲ. ಅದು ಹಗುರ ಇರೋದ್ರಿಂದ ಹತ್ತುತ್ತೆ, ಗೊಬ್ಬರದ ಮೂಟೆ ತುಂಬಿದ್ರೆ ಒದ್ದಾಡುತ್ತೆ.

ಕೊನೇದು ನೀರು. ಡೀಸೆಲ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಒದ್ದೆ ಆದ್ರೂ ಓಡುತ್ತೆ ಅಂತ ನಾವೆಲ್ಲ ಹೇಳ್ತೀವಿ. ಹಳೇ ಪಂಪಿನ ಎಂಜಿನ್‌ಗೆ ಅದು ಸರಿ, ಬ್ಯಾಟರಿ ಸತ್ರೂ ಇಳಿಜಾರಲ್ಲಿ ತಳ್ಳಿದ್ರೆ ಸ್ಟಾರ್ಟ್ ಆಗೋದು. ಈಗಿನ ಡೀಸೆಲ್ ತುಂಬಾ ವೈರು, ಸೆನ್ಸರ್, ಕಂಪ್ಯೂಟರ್. ಇನ್ನು ಗಾಳಿ ಎಳೆಯೋ ಪೈಪಿಗೆ ನೀರು ಹೋದ್ರೆ ಎರಡೂ ಎಂಜಿನ್ ಹೋದಂಗೇ. 2018ರಲ್ಲೇ, ನಾವು ದಾಟಿದ ಒಂದು ವಾರಕ್ಕೆ, ಕೆಳಗಿನ ಊರಿನವರ ಡೀಸೆಲ್ ಜೀಪು ಅದೇ ಹಳ್ಳದಲ್ಲಿ ನೀರು ಕುಡಿದು ಕನೆಕ್ಟಿಂಗ್ ರಾಡ್ ಬಗ್ಗಿ ನಿಂತಿತ್ತು. ನಾನು ಅದನ್ನ ಮರೆತೇ ಬಿಟ್ಟಿದ್ದೆ.

ಮಗ ಅದನ್ನ ಎತ್ತಿದಾಗ ಆ ರಾತ್ರಿ ಪೂರ್ತಿ ಮತ್ತೆ ನೆನಪಾಯ್ತು. ನಾನು ಸೀದಾ ನೀರಿಗೆ ಇಳಿಸಿರಲಿಲ್ಲ. ತೋಟಕ್ಕೆ ಬರೋ ಹುಡುಗ ಸೊಂಟಕ್ಕೆ ಹಗ್ಗ ಕಟ್ಕೊಂಡು, ಕೋಲು ಹಿಡ್ಕೊಂಡು ಮುಂದೆ ನಡೆದಿದ್ದ. ನೀರು ಅವನ ಮೊಣಕಾಲು ದಾಟಲಿಲ್ಲ ಅಂತ ನೋಡಿ, ಫ್ಯಾನ್ ಬೆಲ್ಟ್ ಬಿಚ್ಚಿ, ಆಮೇಲೆ ಇಳಿಸಿದ್ದು. ಇಷ್ಟು ವರ್ಷ ಆ ಹುಡುಗನ ಹೆಸರು ಹೇಳೋ ಜಾಗದಲ್ಲಿ ನಾನು ಎಂಜಿನ್ ಹೆಸರು ಹೇಳ್ತಾ ಇದ್ದೆ. ನಾಚಿಕೆ ಆಯ್ತು. ಮಾರನೇ ದಿನ ಪೆಟ್ರೋಲ್ ಜೀಪಿಗೆ ಅಡ್ವಾನ್ಸ್ ಕೊಟ್ಟೆ.

ಪೆಟ್ರೋಲಲ್ಲಿ ತಾಪತ್ರಯ ಇಲ್ವಾ? ಇದೆ. ಈಗ ಬರೋ ಪೆಟ್ರೋಲಲ್ಲಿ ಶೇ. 20 ಎಥನಾಲ್, ಅದು ತೇವ ಎಳೆಯುತ್ತೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಕ್ಯಾನಲ್ಲಿ ತುಂಬಿ ಮನೇಲಿ ಇಡೋದಂತೂ ಬೇಡ, ಬೆಂಕಿ ಭಯ. ಟಿಲ್ಲರ್ ಕ್ಯಾನಿಂದ ಜೀಪಿಗೆ ಸುರಿಯೋ ಸುಖ ಹೋಯ್ತು. ಆದ್ರೆ ಈಗಿನ ಡೀಸೆಲ್ ಜೀಪಿಗೂ ಹಾಗೆ ಕಸ, ನೀರು ಇರೋ ಕ್ಯಾನಿಂದ ಸುರಿದ್ರೆ ಇಂಜೆಕ್ಟರ್ ಹೋಗುತ್ತೆ, ಅದರ ಬಿಲ್ಲು ನೋಡಿದ್ರೆ ಜ್ವರ ಬರುತ್ತೆ. ದಿನಾ ನಲವತ್ತು ಐವತ್ತು ಕಿ.ಮೀ. ಲೋಡ್ ಹೊಡೆಯೋರು, ಟ್ರೈಲರ್ ಎಳೆಯೋರು ಡೀಸೆಲ್ಲೇ ತಗೊಳ್ಳಿ. ನಿಮಗೆ ಅದೇ ಲಾಭ, ಜಾಲರಿಗೂ ಅದೇ ಒಳ್ಳೇದು.

ಅವ್ವಂಗೆ ಈಗ ಎಂಬತ್ತೊಂದು. ಮೊದಲ ದಿನ ಹತ್ತಿ ಕೂತು ಕೇಳಿದ್ದು ಒಂದೇ, "ಇದು ಹಳ್ಳ ದಾಟುತ್ತೇನೋ?" "ಮೊಣಕಾಲಿಗಿಂತ ಮೇಲೆ ನೀರಿದ್ರೆ ಯಾವ ಜೀಪಲ್ಲೂ ದಾಟಲ್ಲ ಅವ್ವ, ಮಳೆ ಜೋರಾಗೋ ಮೊದಲೇ ನಿನ್ನ ಪೇಟೇಲಿ ತಂಗಿ ಮನೇಲಿ ಬಿಡ್ತೀನಿ" ಅಂದೆ. ಅವಳಿಗೆ ಸಿಟ್ಟು ಬಂತು, ಕೋಳಿ ಯಾರು ನೋಡ್ಕೋತಾರೆ ಅಂತ.

ಗಾಡಿ ತಗೊಳ್ಳೋ ಯೋಚನೆ ಇರೋರು ಮೊದಲು ಒಂದು ತಿಂಗಳು ಪುಸ್ತಕ ಬರೀರಿ. ಎಷ್ಟು ಬಂತು ಅಂತ ಕೆಳಗೆ ಹಾಕಿ, ನಾನೂ ನೋಡ್ತೀನಿ.