ತೊಂಬತ್ತೊಂದು ಗಿಡ

ಈ ಸಲ ಸೆಮ್ ಮುಗಿಸಿ ಊರಿಗೆ ಹೋದಾಗ ಅಪ್ಪ ಕೈಗೊಂದು ನೋಟ್‌ಬುಕ್ ಕೊಟ್ಟು, "ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಹೋಗಿ ಗಿಡ ಎಣಿಸ್ಕೊಂಡ್ ಬಾ" ಅಂದರು. ನಗಬೇಡಿ, ನನ್ನ ಮೊದಲ ಫೀಲ್ಡ್ ವರ್ಕ್ ಇದೇ.

ನಮ್ಮದು ಮಧುಗಿರಿ ಕಡೆ ಎರಡೂವರೆ ಎಕರೆ ಖುಷ್ಕಿ ಜಮೀನು. ಹೋದ ವರ್ಷ ಮಳೆಗಾಲದಲ್ಲಿ ಅಪ್ಪ ಪಹಣಿ, ಆಧಾರ್ ಜೆರಾಕ್ಸ್ ಎಲ್ಲ ಕೊಟ್ಟು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಗೆ ಹೆಸರು ಬರೆಸಿದ್ದರು. ಅರಣ್ಯ ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ 150 ಸಸಿ ತಂದು ಬದುವಿನುದ್ದಕ್ಕೂ ನೆಟ್ಟಿದ್ದರು. ಹೆಬ್ಬೇವು, ಹೊಂಗೆ, ಸ್ವಲ್ಪ ತೇಗ. (ನೀಲಗಿರಿ ನೆಟ್ಟರೆ ಈ ದುಡ್ಡು ಸಿಗಲ್ಲ. ಒಳ್ಳೇದೇ ಆಯ್ತು.)

2011-12ರಲ್ಲಿ ಶುರುವಾದ ಈ ಯೋಜನೆಯಲ್ಲಿ ನನಗೆ ಹಿಡಿಸಿದ್ದು ಒಂದೇ ವಿಷಯ. ಪ್ರೋತ್ಸಾಹಧನ ನೆಟ್ಟಿದ್ದಕ್ಕಲ್ಲ, ಬದುಕಿದ್ದಕ್ಕೆ. ಬದುಕಿದ ಒಂದೊಂದು ಗಿಡಕ್ಕೂ ಮೊದಲ ವರ್ಷದ ಕೊನೆಗೆ 35 ರೂಪಾಯಿ, ಎರಡನೇ ವರ್ಷಕ್ಕೆ 40, ಮೂರನೇ ವರ್ಷಕ್ಕೆ 50. ನಾವು ಕ್ಯಾಂಪಸ್ಸಿನಲ್ಲಿ ಪರಿಸರ ದಿನಕ್ಕೆ ಬ್ಯಾನರ್ ಹಿಡಿದು, ಪಾರ್ಕಿಂಗ್ ಪಕ್ಕದ ಅದೇ ಗುಂಡಿಗಳಲ್ಲಿ ಮೂರು ವರ್ಷದಿಂದ ಗಿಡ ನೆಡ್ತಾ ಇದ್ದೀವಲ್ಲ, ನಮಗೆ ಈ ರೂಲ್ ಹಾಕಿದ್ದರೆ ಎಷ್ಟು ಬರ್ತಿತ್ತೋ!

ಎಣಿಸಿದೆ. ಬದುಕಿದ್ದು 91. ಸತ್ತಿದ್ದಕ್ಕೂ ಒಂದು ಕಾಲಂ ಮಾಡಿದೆ: ಗೆದ್ದಲು 14, ಮೇಕೆ 17, ನೀರಿಲ್ಲದೆ ಒಣಗಿದ್ದು 28. ಒಣಗಿದ್ದೆಲ್ಲ ಮೇಲಿನ ಬದುವಿನದು.

ಪಕ್ಕದ ಹೊಲದ ಮಾವ ನೋಟ್‌ಬುಕ್ ಇಣುಕಿ, "ಲೋ, ಖಾಲಿ ಗುಂಡೀಲಿ ಒಂದೊಂದು ಹಸಿ ಹೊಂಗೆ ಕೊಂಬೆ ಚುಚ್ಚೋ. ಎಲೆ ಇದ್ರೆ ಸಾಕು, ಯಾರು ಕಿತ್ತು ನೋಡ್ತಾರೆ?" ಅಂದರು. ನಾನು ನಕ್ಕೆ. ಆದರೆ ಮೊಬೈಲ್ ತೆಗೆದು ಲೆಕ್ಕಾನೂ ಹಾಕಿದೆ. 59 ಇಂಟು 35, ಅಂದರೆ 2,065 ರೂಪಾಯಿ. ನನ್ನ ಅರ್ಧ ತಿಂಗಳ ಮೆಸ್ ಬಿಲ್. ಅದನ್ನು ಕಟ್ಟೋದು ಅಪ್ಪ. ಸುಳ್ಳು ಹೇಳಲ್ಲ, ಪೆನ್ನು ಸ್ವಲ್ಪ ಹೊತ್ತು ಹಾಗೇ ನಿಂತಿತ್ತು.

ರಾತ್ರಿ ಊಟಕ್ಕೆ ಕೂತಾಗ ಇದನ್ನ ತಮಾಷೆಯಾಗಿ ಹೇಳಿದೆ. ಅಮ್ಮ ನಗಲಿಲ್ಲ. "ತೇಗ ಹನ್ನೊಂದು ಹೋಯ್ತು, ನಂಗೊತ್ತು. ಏಪ್ರಿಲ್ ಪೂರ್ತಿ ಬಿಂದಿಗೆ ಹೊತ್ತೆ. ಮೇಲಿನ ಬದುವರೆಗೂ ಹೋಗಕ್ಕೆ ಮಂಡಿ ಬರ್ಲಿಲ್ಲ" ಅಂತ ಹೇಳಿ ಮುದ್ದೆ ಬಡಿಸಿದರು. 91 ಅಂತಲೇ ಬರೆದೆ.

ಹಾಸ್ಟೆಲ್‌ಗೆ ಬಂದ ಮೇಲೆ, ಗಿಡಕ್ಕೆ ಅಂತ ದೇಶದಲ್ಲಿರೋ ದೊಡ್ಡ ದುಡ್ಡು ಯಾವುದು ಅಂತ ಹುಡುಕಿದಾಗ ಕ್ಯಾಂಪಾ ಸಿಕ್ಕಿತು. ಗಣಿಗೋ ರಸ್ತೆಗೋ ಕಾಡಿನ ಜಾಗ ಪಡೆಯುವವರು ಪರಿಹಾರವಾಗಿ ಕಟ್ಟುವ ಹಣ ಅದು. ಅದಕ್ಕೊಂದು ಕಾಯ್ದೆ ಬಂದದ್ದು 2016ರಲ್ಲಿ. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 27 ರಾಜ್ಯಗಳಿಗೆ 47,436 ಕೋಟಿ ರೂಪಾಯಿ ಹಂಚಿತು. ಅದಕ್ಕೂ ಮುಂಚೆ, 2013ರ ಸಿಎಜಿ ವರದಿ ಇನ್ನೊಂದು ಲೆಕ್ಕ ಕೊಟ್ಟಿತ್ತು. 2006ರಿಂದ 2012ರವರೆಗೆ ಹೋದ ಕಾಡಿಗೆ ಬದಲಾಗಿ ಬರಬೇಕಿದ್ದ ಜಮೀನಿನಲ್ಲಿ ಸಿಕ್ಕಿದ್ದು ಶೇ. 27 ಮಾತ್ರ. ಗಿಡ ನೆಟ್ಟಿದ್ದು ಅದಕ್ಕಿಂತಲೂ ಕಮ್ಮಿ. ಕೋಟಿಗಳ ಲೆಕ್ಕ ಓದ್ತಾ ನನಗೆ ಅಮ್ಮನ ಮಂಡಿ ನೆನಪಾಗ್ತಿತ್ತು. ನೀರು ಹೊರೋರ ಕೂಲಿ ನಮ್ಮ ಯೋಜನೆಯ 35 ರೂಪಾಯಿಯಲ್ಲೂ ಸರಿಯಾಗಿ ಹಿಡಿಸಲ್ಲ.

ಹೋದ ವಾರ ಅಪ್ಪ ಫೋನ್ ಮಾಡಿದ್ದರು. ಎಣಿಸೋರು ಬಂದಿದ್ರಂತೆ, ಅವರ ಲೆಕ್ಕಕ್ಕೆ ಸಿಕ್ಕಿದ್ದು 89. "ನನ್ ಮಗ ತೊಂಬತ್ತೊಂದು ಬರ್ದವ್ನೆ ಸ್ವಾಮಿ" ಅಂತ ಅಪ್ಪ ಅವರನ್ನ ವಾಪಸ್ ಬದುವಿಗೆ ಕರ್ಕೊಂಡ್ ಹೋಗಿ, ಹುಲ್ಲು ಸರಿಸಿ ಮೊಣಕಾಲೆತ್ತರದ ಎರಡು ಹೊಂಗೆ ತೋರಿಸಿದರಂತೆ.

ಆಮೇಲೆ ಅಮ್ಮ ಫೋನ್ ಇಸ್ಕೊಂಡು, ಮೇಲಿನ ಬದುವಿಗೆ ಪೈಪು ಎಳೆಯಕ್ಕೆ ಎಷ್ಟಾಗುತ್ತೆ ಅಂತ ಕೇಳಿದರು. ಮೋಟಾರ್ ಎಚ್‌ಪಿ ಎಷ್ಟು, ಬದು ಎಷ್ಟು ಎತ್ತರದಲ್ಲಿದೆ ಅಂತ ನಾನು ಕೇಳಿದೆ. ಫ್ಲೂಯಿಡ್ ಮೆಕ್ಯಾನಿಕ್ಸ್ ನೋಟ್ಸ್ ಯಾರ ಹತ್ರ ಇದ್ರೂ ಕೊಡ್ರಪ್ಪ, ನಂದು ಕಳೆದಿದೆ.