ತಿರುಮಣಿಯ ಬಿಸಿಲಿನಲ್ಲಿ ವರ್ಣವಿಚಾರ

ತುಮಕೂರಿನಿಂದ ಕೊರಟಗೆರೆ, ಮಧುಗಿರಿಗಳ ಮಾರ್ಗವಾಗಿ ಪಾವಗಡಕ್ಕೆ ಹೋಗುವ ದಾರಿಯು ಬಂಡೆಗಳನ್ನು ಪ್ರೀತಿಸುವವರಿಗೆ ಹೇಳಿ ಮಾಡಿಸಿದುದು. ಮಧುಗಿರಿಯಲ್ಲಿ ಒಂದೇ ಕಲ್ಲಿನಿಂದಾದ ಆ ಮಹಾಪರ್ವತವನ್ನು ಕತ್ತೆತ್ತಿ ನೋಡಿ ಮುಂದುವರಿದೆವೆಂದರೆ, ತೆಂಗು ಅಡಕೆಗಳು ಹಿಂದುಳಿದು ಜಾಲಿಯ ಗಿಡಗಳೂ ಕಡಲೆಕಾಯಿಯ ಹೊಲಗಳೂ ಎದುರಾಗುವುವು. ಪಾವಗಡದ ಕೋಟೆ, ಶನೈಶ್ಚರನ ದೇವಾಲಯ, ನಾಗಲಮಡಿಕೆಯಲ್ಲಿ ಉತ್ತರ ಪಿನಾಕಿನಿಯ ದಡದ ಸುಬ್ರಹ್ಮಣ್ಯಕ್ಷೇತ್ರ, ಇವು ಯಾತ್ರಿಕರಿಗೆ ತಿಳಿದವೇ ಆದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ನಾನು ಹೊರಟದ್ದು ತಿರುಮಣಿಗೆ. ಅಲ್ಲಿ ಈಗ ಬಿಸಿಲನ್ನೇ ಬೆಳೆಯುತ್ತಾರೆಂದು ಹಳೆಯ ಶಿಷ್ಯನೊಬ್ಬನು ತಿಳಿಸಿದ್ದನು. ನೋಡಬೇಕೆಂಬ ಕುತೂಹಲ ಹುಟ್ಟಿತು.

ಪಾವಗಡ ತಾಲ್ಲೂಕಿನ ಮೂರು ಕಡೆಯೂ ಆಂಧ್ರಪ್ರದೇಶ. ಬಸ್ಸಿನಲ್ಲಿ ಒಬ್ಬಾಕೆ ಕನ್ನಡದಲ್ಲಿ ಆರಂಭಿಸಿದ ಮಾತನ್ನು ತೆಲುಗಿನಲ್ಲಿ ಮುಗಿಸಿದಳು. ಕೇಳುತ್ತಿದ್ದಾಕೆ ತೆಲುಗಿನಲ್ಲಿ ಆರಂಭಿಸಿ ಕನ್ನಡದಲ್ಲಿ ಮುಗಿಸಿದಳು. ಭಾಷೆಯ ಗಡಿ ಇಲ್ಲಿ ಯಾರ ನಿದ್ರೆಯನ್ನೂ ಕೆಡಿಸಿದಂತೆ ಕಾಣೆನು. ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು ನನ್ನ ಊರನ್ನು ಕೇಳಿದರು, ಹೇಳಿದೆನು. ವೃತ್ತಿಯನ್ನು ಕೇಳಿದರು, ಹೇಳಿದೆನು. ಮಕ್ಕಳೆಷ್ಟೆಂದು ಕೇಳಿದರು, ಅದನ್ನೂ ಹೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾವು ಯಾರ ಪೈಕಿ, ಸ್ವಾಮಿ?" ಎಂದರು.

"ಮೇಷ್ಟರ ಪೈಕಿ" ಎಂದೆನು.

ಅವರು ನಕ್ಕರು. "ಅದಾಯ್ತು ಸ್ವಾಮಿ. ಹಿಂದಿನಿಂದ ಬಂದದ್ದು?"

ಆ ಪ್ರಶ್ನೆಯಲ್ಲಿ ದ್ವೇಷದ ಲೇಶವೂ ಇರಲಿಲ್ಲ. ನಮ್ಮ ನಿಮ್ಮ ಮನೆಗಳ ಜಗುಲಿಯಲ್ಲಿ ದಿನವೂ ಕೇಳುವ ಪ್ರಶ್ನೆಯೇ ಅದು. ನನಗೆ ಹೊಳೆದದ್ದು ಬೇರೆ: ಅವರು ಅದನ್ನು ಕೇಳಲೇ ಬೇಕಾಗಿದ್ದಿತು. ಅರ್ಧ ಗಂಟೆ ನನ್ನ ಮುಖವನ್ನು ನೋಡಿದ್ದರೂ ಉತ್ತರವು ಅವರ ಕಣ್ಣಿಗೆ ದೊರೆತಿರಲಿಲ್ಲ. ಆ ಬಸ್ಸಿನಲ್ಲಿದ್ದವರೆಲ್ಲರೂ ಒಂದೇ ಸೂರ್ಯನು ಕಾಯಿಸಿದ ಒಂದೇ ಬಗೆಯ ಜನ. ಬಿಳಿಯರೂ ಕರಿಯರೂ ಇರುವ ದೇಶಗಳಲ್ಲಿ ಕಣ್ಣು ಮಾಡುವ ಕೆಲಸವನ್ನು ನಮ್ಮಲ್ಲಿ ಈ ಪ್ರಶ್ನೆ ಮಾಡುತ್ತದೆ.

ಇಂಗ್ಲಿಷರು ರೇಸಿಸಂ ಎನ್ನುವುದನ್ನು ನಮ್ಮ ಪತ್ರಿಕೆಗಳು ಜನಾಂಗದ್ವೇಷವೆಂದೂ ವರ್ಣಭೇದವೆಂದೂ ಬರೆಯುತ್ತ ಬಂದಿವೆ. ಈ ಎರಡನೆಯ ಮಾತು ವಿಚಿತ್ರವಾದುದು. ವರ್ಣವೆಂದರೆ ಬಣ್ಣ, ಅಕ್ಷರವೂ ಹೌದು, ಚಾತುರ್ವರ್ಣ್ಯದ ವರ್ಣವೂ ಅದೇ. ದಕ್ಷಿಣ ಆಫ್ರಿಕದ ಅನ್ಯಾಯವನ್ನು ಹೆಸರಿಸಲು ನಾವು ಎತ್ತಿಕೊಂಡ ಶಬ್ದದೊಳಗೆ ನಮ್ಮ ಮನೆಯ ಕಥೆಯೇ ಅಡಗಿ ಕುಳಿತಿದೆ. ಹಾಗಾದರೆ ವರ್ಣಕ್ಕೂ ಬಣ್ಣಕ್ಕೂ ಸಂಬಂಧವುಂಟೆ? ಕ್ರಿಸ್ತಪೂರ್ವ 2ನೆಯ ಶತಮಾನದ ಪತಂಜಲಿಯು ಮಹಾಭಾಷ್ಯದಲ್ಲಿ ನಞ್‌ಸಮಾಸದ ವಿಚಾರ ಮಾಡುವಾಗ ಬ್ರಾಹ್ಮಣನ ಲಕ್ಷಣಗಳೊಳಗೆ ಗೌರವರ್ಣವನ್ನೂ ಕಪಿಲಕೇಶವನ್ನೂ ಸೇರಿಸಿರುವನು. ಅಂಗಡಿಬೀದಿಯಲ್ಲಿ ಉದ್ದಿನ ರಾಶಿಯಂತೆ ಕಪ್ಪಗೆ ಕುಳಿತವನನ್ನು ಕಂಡು ಇವನು ಬ್ರಾಹ್ಮಣನೆಂದು ಯಾರೂ ನಿಶ್ಚಯಿಸರೆಂದೂ ಹೇಳಿರುವನು. ಪಾಪ, ಭಾಷ್ಯಕಾರನು ಪಾವಗಡದ ಬಿಸಿಲನ್ನು ಕಂಡವನಲ್ಲ. ಈ ಲಕ್ಷಣವನ್ನು ಹಿಡಿದು ಇಲ್ಲಿ ಸಂತರ್ಪಣೆಗೆ ಹೊರಟರೆ ಎಲೆಯ ಮುಂದೆ ಕೂರುವವರೇ ಸಿಕ್ಕಲಾರರು. ವಜ್ರಸೂಚಿಕೋಪನಿಷತ್ತಾದರೋ ದೇಹ, ಬಣ್ಣ, ಹುಟ್ಟು, ಇವುಗಳಲ್ಲಿ ಯಾವುದೂ ಬ್ರಾಹ್ಮಣ್ಯಕ್ಕೆ ನಿಯಾಮಕವಲ್ಲವೆಂದು ಒಂದೊಂದನ್ನಾಗಿ ತಳ್ಳಿಹಾಕುತ್ತದೆ. ಈ ಚರ್ಚೆ ನಮಗೆ ಹೊಸದಲ್ಲ.

ಹೊಸದಾದದ್ದು ಅಳತೆಗೋಲು. 1901ರ ಜನಗಣತಿಯ ಅಧಿಕಾರಿಯಾಗಿದ್ದ ಹರ್ಬರ್ಟ್ ರಿಸ್ಲಿ ಎಂಬವನು ಜನರ ಮೂಗುಗಳನ್ನು ಅಳೆಯಿಸಿ, ಮೂಗು ಅಗಲವಾದಷ್ಟೂ ಜಾತಿ ಕೆಳಗೆಂದು ಸಿದ್ಧಾಂತ ಮಾಡಿದನು. ನಮ್ಮ ಸಂಸ್ಥಾನದಲ್ಲಿಯೂ ಎಚ್. ವಿ. ನಂಜುಂಡಯ್ಯನವರು ಆರಂಭಿಸಿ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಪೂರೈಸಿದ ಮೈಸೂರಿನ ಜಾತಿಗಳನ್ನು ಕುರಿತ ಬೃಹದ್ಗ್ರಂಥವು 1928ರಿಂದ 1935ರೊಳಗೆ ನಾಲ್ಕು ಸಂಪುಟಗಳಾಗಿ ಮೈಸೂರು ವಿಶ್ವವಿದ್ಯಾನಿಲಯದಿಂದ ಹೊರಬಂದಿತು. ಮದುವೆ, ಮುಂಜಿ, ಕಸುಬು, ಕಟ್ಟಳೆಗಳ ವಿಷಯದಲ್ಲಿ ಅದು ಇಂದಿಗೂ ಗಣಿ. ಅದರಲ್ಲಿ ಐಕ್‌ಸ್ಟೆಟ್ ಎಂಬ ಜರ್ಮನ್ ಪಂಡಿತನು ಮೈಸೂರಿಗೆ ಭಾರತದ ಜನಾಂಗಚರಿತ್ರೆಯಲ್ಲಿರುವ ಸ್ಥಾನವನ್ನು ಕುರಿತು ಬರೆದಿದ್ದಾನೆ. ಅದೇ 1935ರಲ್ಲಿ ಅವನ ದೇಶವು ನ್ಯೂರೆಂಬರ್ಗ್ ಶಾಸನಗಳನ್ನು ಮಾಡಿ, ಯೆಹೂದಿಗಳನ್ನು ಪೌರತ್ವದಿಂದ ಹೊರಹಾಕಿತು.

ಡಾಕ್ಟರ್ ಅಂಬೇಡ್ಕರರು 1948ರಲ್ಲಿ ಪ್ರಕಟಿಸಿದ ಅಸ್ಪೃಶ್ಯರ ಮೂಲವನ್ನು ಕುರಿತ ಗ್ರಂಥದಲ್ಲಿ ಈ ಮೂಗಿನ ಲೆಕ್ಕಗಳನ್ನೇ ಮುಂದಿಟ್ಟುಕೊಂಡು, ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಜನಾಂಗದವರೆಂದು ತೋರಿಸಿದರು. ಈಚೆಗೆ, 2013ರಲ್ಲಿ, ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿದ್ವಾಂಸರೂ ಅಮೆರಿಕದ ವಿದ್ವಾಂಸರೂ ಕೂಡಿ ರಕ್ತದ ಪರೀಕ್ಷೆಯಿಂದ ಹೇಳಿದ್ದೇನೆಂದರೆ: ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಈ ದೇಶದ ಜನರೆಲ್ಲ ಪರಸ್ಪರ ಬೆರೆತರು, ಬೆರೆಯದೆ ಉಳಿದವರು ಇಲ್ಲವೆಂದೇ ಹೇಳಬಹುದು, ಒಳಗೊಳಗೇ ಹೆಣ್ಣು ಗಂಡು ತರುವ ಪದ್ಧತಿ ಬಲವಾದದ್ದು ಆಮೇಲೆ. ಅಂದಮೇಲೆ ಜಾತಿಯು ರೇಸ್ ಅಲ್ಲ. ಸಮಾಜಶಾಸ್ತ್ರಜ್ಞರಾದ ಆಂದ್ರೆ ಬೆತೆಯ್ ಅವರೂ 2001ರಲ್ಲಿ ಹೀಗೆಯೇ ವಾದಿಸಿದರು. ಇಲ್ಲಿಯವರೆಗೆ ನನಗೆ ಯಾವ ತಕರಾರೂ ಇಲ್ಲ.

ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. 1946ರಲ್ಲಿ, ಇನ್ನೂ ಸ್ವತಂತ್ರವಾಗದಿದ್ದಾಗಲೇ, ಭಾರತವು ದಕ್ಷಿಣ ಆಫ್ರಿಕದ ಮೇಲೆ ವಿಶ್ವಸಂಸ್ಥೆಯಲ್ಲಿ ದೂರು ಕೊಟ್ಟಿತು. 1965ರಲ್ಲಿ ಜನಾಂಗಭೇದವನ್ನು ತೊಡೆಯುವ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಬರೆಯುವಾಗ, ಬಣ್ಣ ಮುಂತಾದ ಮಾತುಗಳ ಜತೆಗೆ ವಂಶ ಎಂಬ ಅರ್ಥದ ಮಾತನ್ನು ಸೇರಿಸಬೇಕೆಂದು ಸೂಚಿಸಿದ್ದು ಭಾರತವೇ. ಅದೇ ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ 2001ರಲ್ಲಿ ಲೋಕದ ಸಭೆ ಕೂಡಿದಾಗ, ಜಾತಿಯ ವಿಷಯ ಇಲ್ಲಿ ಬೇಡ, ಜಾತಿ ರೇಸ್ ಅಲ್ಲ, ಎಂದು ಪಟ್ಟು ಹಿಡಿದದ್ದೂ ನಮ್ಮ ಸರ್ಕಾರವೇ. ವಿಶ್ವಸಂಸ್ಥೆಯ ಸಮಿತಿಯು ಮರುವರ್ಷವೇ ವಂಶವೆಂಬುದರಲ್ಲಿ ಜಾತಿಯೂ ಸೇರಿತೆಂದು ಹೇಳಿತು. ಈಗ ವಾದವು ನಮ್ಮವರ ಮಕ್ಕಳು ಮೊಮ್ಮಕ್ಕಳಿರುವ ಊರುಗಳಿಗೂ ಹೋಗಿದೆ. ಅಮೆರಿಕದ ಸಿಯಾಟಲ್ ನಗರಸಭೆ 2023ರ ಫೆಬ್ರವರಿಯಲ್ಲಿ ಜಾತಿಭೇದವನ್ನು ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯದ ಶಾಸನಸಭೆ ಒಪ್ಪಿದ ಮಸೂದೆಯನ್ನು, ಇರುವ ಕಾನೂನೇ ಸಾಕೆಂದು ಅಲ್ಲಿನ ಗವರ್ನರು ತಡೆದರು. ಇದರಿಂದ ನಮ್ಮ ಜನಕ್ಕೇ ಕಳಂಕವೆಂದು ಕೆಲವರು, ಕಳಂಕವಿರುವುದರಿಂದಲೇ ಕಾನೂನೆಂದು ಕೆಲವರು. ಅಂಬೇಡ್ಕರರು ಒಂದೇ ಜನಾಂಗವೆಂದದ್ದು ಅಸ್ಪೃಶ್ಯತೆಗೆ ಹುಟ್ಟಿನ ಆಧಾರವೇ ಇಲ್ಲವೆಂದು ತೋರಿಸುವುದಕ್ಕೆ. ಆ ಮಾತನ್ನೇ ಎತ್ತಿಕೊಂಡು, ಆದುದರಿಂದ ನಮ್ಮಲ್ಲಿ ಅಂಥ ಅನ್ಯಾಯವಿಲ್ಲ ಎನ್ನುವುದು ತರ್ಕವಲ್ಲ, ತಪ್ಪಿಸಿಕೊಳ್ಳುವ ಉಪಾಯ.

ಬಸ್ಸಿಳಿದು ಶಿಷ್ಯನೊಡನೆ ನಡೆದೆನು. ತಿರುಮಣಿಯ ಸುತ್ತ ಕಣ್ಣು ಹಾಯುವವರೆಗೂ ಹೊಲದಂತೆ ಸಾಲುಸಾಲಾಗಿ ನೀಲಿ ಫಲಕಗಳು, ದೂರದಿಂದ ತುಂಬಿದ ಕೆರೆಯೆಂಬಂತೆ. ಈ ಬರದ ನಾಡಿನಲ್ಲಿ ಅಂತಹ ಭ್ರಮೆಯೂ ಕಣ್ಣಿಗೆ ಹಿತ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು, ಈ ಐದು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ ಹರಡಿರುವ ಈ ಸೌರ ವಿದ್ಯುತ್ ಕ್ಷೇತ್ರವು 2018ರ ಮಾರ್ಚಿಯಲ್ಲಿ ಆರಂಭವಾಯಿತು. ಪೂರ್ಣಶಕ್ತಿ 2,050 ಮೆಗಾವಾಟ್. ಇದರ ವಿಶೇಷವೇನೆಂದರೆ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಂತೆ ಹೆಚ್ಚಿಸುವ ಕರಾರು. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿ ಸಾಲಗಾರನಾಗುತ್ತಿದ್ದ ರೈತನಿಗೆ ಇದು ದೊಡ್ಡ ಆಸರೆ. ಹೊಸ ಮನೆಗಳನ್ನು ಕಂಡೆನು; ಸಂತೋಷವಾಯಿತು.

ಆದರೆ ಗುತ್ತಿಗೆಯ ಹಣವು ಪಹಣಿಯಲ್ಲಿ ಹೆಸರುಳ್ಳವನಿಗೆ ಬರುತ್ತದೆ. ಹೆಸರಿಲ್ಲದವನಿಗೆ ಬರುತ್ತಿದ್ದದ್ದು ಬಿತ್ತನೆ, ಕಳೆ, ಕಡಲೆಕಾಯಿ ಕೀಳುವ ಕೂಲಿ; ಹೊಲದೊಡನೆ ಅದೂ ಹೋಯಿತು. ಕುರಿಯವನಿಗೆ ಬೀಳುನೆಲ ಬೇಲಿಯೊಳಗಾಯಿತು. ದಲಿತರಲ್ಲಿಯೂ ಸರ್ಕಾರದಿಂದ ಮಂಜೂರಾದ ತುಂಡುಭೂಮಿಯುಳ್ಳವರು ಇದ್ದಾರೆ. ಅಂತಹ ಭೂಮಿ ಕೈಬಿಟ್ಟುಹೋಗದಂತೆ 1978ರಲ್ಲಿ ಕಾನೂನೂ ಆಗಿದೆ. ಭೂಮಿಯೇ ಇಲ್ಲದವರು ಯಾರು, ಏತಕ್ಕೆ ಇಲ್ಲದೆ ಹೋದರು ಎಂದು ಕೇಳಿದರೆ ಮಾತ್ರ ಉತ್ತರವು ನೇರವಾಗಿ ಆ ವೃದ್ಧರ ಪ್ರಶ್ನೆಗೇ ಹೋಗಿ ಮುಟ್ಟುತ್ತದೆ: ಹಿಂದಿನಿಂದ ಬಂದದ್ದು. ಹೊಲವು ತಂದೆಯಿಂದ ಮಗನಿಗೆ ಬರುವಂತೆ, ಹೊಲವಿಲ್ಲದಿರುವುದೂ ತಂದೆಯಿಂದ ಮಗನಿಗೆ ಬರುತ್ತದೆ. ಒಡಂಬಡಿಕೆಯಲ್ಲಿ ವಂಶವೆಂದು ಬರೆದದ್ದನ್ನು ಕಣ್ಣಾರೆ ಕಾಣಬೇಕಾದರೆ ಮೂಗನ್ನು ಅಳೆಯಬೇಕಾಗಿಲ್ಲ. ತಾಲ್ಲೂಕು ಕಚೇರಿಯಲ್ಲಿ ಪಹಣಿಯನ್ನು ತೆಗೆಯಿಸಿದರೆ ಸಾಕು.

ಹಣ, ಅಧಿಕಾರಗಳು ಬಂದರೆ ಇದೆಲ್ಲ ತಾನೇ ಅಳಿಯುವುದೆಂಬ ಮಾತುಂಟು. 2019ರ ಸೆಪ್ಟೆಂಬರಿನಲ್ಲಿ ಇದೇ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ, ಚಿತ್ರದುರ್ಗ ಕ್ಷೇತ್ರದ ಲೋಕಸಭಾ ಸದಸ್ಯರಾಗಿದ್ದ ಎ. ನಾರಾಯಣಸ್ವಾಮಿಯವರು ಅಲ್ಲಿನವರ ಸೌಕರ್ಯಗಳ ವಿಚಾರಕ್ಕಾಗಿಯೇ ಬಂದರು. ಅವರು ದಲಿತರೆಂಬ ಕಾರಣಕ್ಕೆ ಹಟ್ಟಿಯೊಳಗೆ ಬರಗೊಡಲಿಲ್ಲ. ಕೆಲವು ದಿನಗಳ ಮೇಲೆ ಅದೇ ಹಟ್ಟಿಯವರು ಅವರನ್ನು ಬರಮಾಡಿಕೊಂಡರು. ಅದನ್ನೂ ಹೇಳತಕ್ಕದ್ದು ನ್ಯಾಯ. ಎರಡು ವರ್ಷ ಕಳೆಯುವುದರೊಳಗೆ ಅವರು ಕೇಂದ್ರದಲ್ಲಿ ಸಾಮಾಜಿಕ ನ್ಯಾಯದ ಖಾತೆಯ ರಾಜ್ಯಸಚಿವರಾದರು.

ನನ್ನ ಶಿಷ್ಯನಿಗೆ ಭೂಮಿಯಿಲ್ಲ. ಫಲಕಗಳ ನಡುವೆ ಹುಲ್ಲು ತೆಗೆಯಿಸುವ ಒಬ್ಬ ಗುತ್ತಿಗೆದಾರನಲ್ಲಿ ಅವನು ಮೇಸ್ತ್ರಿ. "ಕೆಲಸ ಕೇಳಲು ಮೊದಲು ಹೋದ ಕಡೆ ಜಾತಿ ಕೇಳಲಿಲ್ಲ, ಮೇಷ್ಟ್ರೇ. ಎಷ್ಟು ಎಕರೆ ಕೊಟ್ಟಿದ್ದೀಯ ಅಂತ ಕೇಳಿದರು" ಎಂದನು. ಹೇಳುವಾಗ ಅವನಲ್ಲಿ ಸಿಟ್ಟು ಕಾಣಲಿಲ್ಲ. ತಂಗಿಯನ್ನು ನರ್ಸಿಂಗ್ ಓದಿಸುತ್ತಿರುವನಂತೆ.

ಮನೆಗೆ ಕರೆದುಕೊಂಡು ಹೋದನು. ನನ್ನ ಹೆಸರೂ ಹುಟ್ಟೂ ಮಗನಿಂದ ತಾಯಿಗೆ ತಿಳಿದಿದ್ದವು. ಆಕೆ ಚೊಂಬಿನಲ್ಲಿ ನೀರು ತಂದು, ನಾನು ಕುಳಿತಿದ್ದ ಜಗುಲಿಯ ಕೊನೆಯಲ್ಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಮಗನು ಅದನ್ನು ನೋಡಿ, ಏನೂ ಹೇಳದೆ, ಚೊಂಬನ್ನೆತ್ತಿ ನನ್ನ ಕೈಗೆ ಕೊಟ್ಟನು. ನೀರು ಸ್ವಲ್ಪ ಒಗರಾಗಿದ್ದಿತು. ಇಲ್ಲಿಯ ಅಂತರ್ಜಲದಲ್ಲಿ ಫ್ಲೋರೈಡು ಹೆಚ್ಚು. ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆಯ ವಿಷಯವನ್ನು ಆಕೆಯೇ ಎತ್ತಿದಳು, ನಿಂತಲ್ಲಿಂದಲೇ.