ಅಮ್ಮನ ತಾಳ

ಬರೆದು ತುಂಬಾ ದಿನ ಆಯ್ತು. ಕೆಲಸ, ಡೆಡ್‌ಲೈನು... ಇರಲಿ ಬಿಡಿ.

ಮೊನ್ನೆ ಆಫೀಸಿನಲ್ಲಿ ಬ್ಲೂಸ್ ಗಿಟಾರಿಗ ಬಿ.ಬಿ. ಕಿಂಗ್‌ನ ಕೇಳ್ತಾ ಇದ್ದೆ. ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಬಾಗಿಸುತ್ತಾನಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ವೀಣೆಯ ಗಮಕ ನೆನಪಾಗುತ್ತೆ. ಹಿಂದೆಯೇ ರುದ್ರಪಟ್ಟಣ.

ನಮ್ಮ ಹುಲಿಕೆರೆಯಿಂದ ಹಾಸನ, ಅಲ್ಲಿಂದ ಅರಕಲಗೂಡು ದಾಟಿ ಹೋದರೆ ಕಾವೇರಿ ದಡದ ಊರು ಅದು. ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲೇ. ರುದ್ರಪಟ್ಟಣ ಸಹೋದರರ ಮೂಲವೂ ಅದೇ. ಆರ್.ಕೆ. ಪದ್ಮನಾಭ ಅಲ್ಲಿ ತಂಬೂರಿ ಆಕಾರದ ಮಂದಿರ ಕಟ್ಟಿಸಿದರು, ಸಂಗೀತೋತ್ಸವ ಶುರುಮಾಡಿದರು. ಊರು ಬಿಟ್ಟು ಬೆಂಗಳೂರು, ಮೈಸೂರು ಸೇರಿದವರು ಹಾಡೋಕೆ ವಾಪಸ್ ಬರ್ತಾರೆ. (ನಾನು ಹಬ್ಬದೂಟಕ್ಕೆ ಮಾತ್ರ!)

ಇಂಜಿನಿಯರಿಂಗ್ ಓದುವಾಗ ಒಂದು ವರ್ಷ ಅಮ್ಮನ ಜೊತೆ ಹೋಗಿದ್ದೆ. ಇಯರ್‌ಫೋನ್ ಸಿಕ್ಕಿಸಿಕೊಂಡೇ ಕೂತಿದ್ದೆ. ಪಕ್ಕಕ್ಕೆ ತಿರುಗಿದರೆ, ಅಮ್ಮ ತೊಡೆಯ ಮೇಲೆ ಆದಿತಾಳ ಹಾಕ್ತಾ ಇದ್ದಾಳೆ, ಬೆರಳೆಣಿಸಿ, ಒಂದೂ ತಪ್ಪದೆ. ಇಯರ್‌ಫೋನ್ ತೆಗೆದೆ.

"ಯಾವಾಗ ಕಲಿತಿದ್ದು?"

"ಮದುವೆಗೆ ಮುಂಚೆ. ವರ್ಣದವರೆಗೂ ಬಂದಿತ್ತು ಕಣೋ."

"ಮತ್ಯಾಕೆ ಬಿಟ್ಟೆ?"

"ಸುಮ್ನೆ ಕೇಳು, ತನಿ ಶುರುವಾಯ್ತು."

ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಬಿ.ಬಿ. ಕಿಂಗ್ ಹಾಕಿ, ಒಂದು ಇಯರ್‌ಫೋನ್ ಅವಳ ಕಿವಿಗೆ ಕೊಟ್ಟೆ. ಸ್ವಲ್ಪ ಹೊತ್ತು ಕೇಳಿದಳು.

"ಯಾರೋ ಇವನು? ಪಾಪ, ಏನೋ ಸಂಕಟ ಇದೆ ಇವನಿಗೆ."

ಇನ್ನೊಂದನ್ನೂ ಕೇಳಿ ಇಸ್ಕೊಂಡಳು. ಹಾಸನ ಬರೋವರೆಗೂ ವಾಪಸ್ ಕೊಡಲಿಲ್ಲ.